ಪಂಡಾಲಿನಲ್ಲಿ ಎದ್ದ ಶಾಲೆ

೩ ಸೆಪ್ಟೆಂಬರ್ ೨೦೦೧, ಬೆಹಾಲಾ
ಸಿಯಾಲ್ದಾ ಆಫೀಸಿನಿಂದ ಬರುವಷ್ಟರಲ್ಲಿ ಏಳು. ಪಾಡಾದ — ನಮ್ಮ ಓಣಿಯ — ಹೆಂಗಸರು ಮೆಟ್ಟಿಲ ಮೇಲೆ ಕಾದಿದ್ದರು. ಆಫ್ರಿಕಾದಿಂದ ನಮ್ಮ ಯಜಮಾನರ ಪತ್ರ ಬಂದಿತ್ತು. ಚಹಾ ಕೂಡ ಕುಡಿಯದೆ ಓದಿದೆ — ಒಂದು ಸಾಲು ಕನ್ನಡ, ಒಂದು ಸಾಲು ಬಂಗಾಳಿ. ಇವರ ಶಾಂತಿಪಡೆಯ ಕ್ಯಾಂಪಿನ ಪಕ್ಕದ ಶಾಲೆಯಲ್ಲಿ ದಂಗೆಕೋರರಿಗೆ ಹೆದರಿ ಮುನ್ನೂರು ಜನ ಅಡಗಿದ್ದರಂತೆ. ಇವರೇ ಎಲ್ಲರನ್ನೂ ಲಾರಿ ಹತ್ತಿಸಿ ಗಡಿ ದಾಟಿಸಿದರಂತೆ. ಹೆಂಗಸರು ಅತ್ತರು. ನಾನೂ. ಜಂಬವೂ ಬಂತು, ಸುಳ್ಳೇಕೆ.

೯ ಸೆಪ್ಟೆಂಬರ್
ಕ್ಲಬ್ ಸೆಕ್ರೆಟರಿ ನಿತಾಯ್‌ದಾ ಬಂದಿದ್ದರು. ಕಮ್ಯುನಿಸ್ಟ್ ಪಾರ್ಟಿಯ ಮನುಷ್ಯ, ದೇವರನ್ನು ನಂಬುವುದಿಲ್ಲ, ದುರ್ಗಾಪೂಜೆಗೆ ಮಾತ್ರ ಎಲ್ಲರಿಗಿಂತ ಮುಂದು. ಈ ಸಲ ಪಂಡಾಲಿನ ಥೀಮ್ — ಆ ಶಾಲೆ!
"ಬೌದಿ," — ನನ್ನನ್ನು ಅತ್ತಿಗೆ ಎಂದೇ ಕರೆಯುವುದು — "ಉದ್ಘಾಟನೆ ರಜೆಗೆ ಬರುವ ನಿಮ್ಮ ಸುಬೇದಾರ್ ಕಲ್ಲಪ್ಪ ಅವರದೇ. ಹಿಂದಿ ಬೇಡ, ತಾಯ್ನುಡಿಯಲ್ಲೇ ಮಾತಾಡಲಿ. ಬಂಗಾಳಿಯಲ್ಲಿ ನೀವು ಹೇಳಿ."

೧೯ ಅಕ್ಟೋಬರ್
ಇವರು ಬಂದರು. ಸೊರಗಿದ್ದಾರೆ. ಸಂಜೆ ಪಂಡಾಲಿಗೆ ಕರೆದೊಯ್ದೆ. ಬಿದಿರಿನ ಗೋಡೆ, ಕರಿಹಲಗೆ, ಲಾರಿ ಹತ್ತುತ್ತಿರುವ ಮಕ್ಕಳ ಮಣ್ಣಿನ ಗೊಂಬೆಗಳು. ಇವರು ಲಾರಿಯ ಮುಂದೆ ನಿಂತು ಹೇಳಿದರು:
"ಲಾರಿ ಹತ್ತಿದವ್ರು ನಾವು, ತುಳಸಿ. ಅವರಲ್ಲ. ಹಿಂದ ಸರೀರಿ ಅಂತ ಆರ್ಡರ್ ಬಂತು. ಮಂದಿ ಗಾಡಿಗೆ ಜೋತು ಬಿದ್ದರು... ಒಂದೊಂದ ಬೆರಳು ಬಿಡಿಸಿದ್ವಿ."
"ಮತ್ತ ಪತ್ರದಾಗ ಬರದದ್ದು?"
"ನಿನಗರೆ ಸಮಾಧಾನ ಇರಲಿ ಅಂತ."
ಸಮಾಧಾನವಂತೆ! ಇಡೀ ಪಾಡಾಕ್ಕೆ ನನ್ನ ಬಾಯಿಂದಲೇ ಸುಳ್ಳು ಹೇಳಿಸಿದರು. ಹದಿನೆಂಟು ವರ್ಷ ಸಂಸಾರ ಮಾಡಿದವಳಿಗೆ ಇಂಥ ಮೋಸ. ಮಾತು ಬಿಟ್ಟಿದ್ದೇನೆ.

೨೨ ಅಕ್ಟೋಬರ್, ಷಷ್ಠಿ
ಪೂಜೆಯ ಡೋಲು, ಢಾಕ್, ನಿಂತಿತು. ಹಾರ ಹಾಕಿದರು. ಇವರು ಮೈಕ್ ಹಿಡಿದು ಎಲ್ಲವನ್ನೂ ಹೇಳಿಬಿಟ್ಟರು, ಕನ್ನಡದಲ್ಲಿ. "ಯಾರನ್ನೂ ಉಳಿಸಲಿಲ್ಲ. ಬಿಟ್ಟ ಬಂದ್ವಿ. ಈ ಹಾರ ನನಗ ಬ್ಯಾಡ." ನನ್ನ ಕಡೆ ತಿರುಗಿದರು. "ಇದ್ದದ್ದು ಇದ್ದಂಗ ಹೇಳು."
ಎದುರಿಗೆ ನೂರಾರು ಮುಖ. ಮೊದಲ ಸಾಲಿನಲ್ಲಿ ನನ್ನ ಮೆಟ್ಟಿಲ ಮೇಲೆ ಅತ್ತ ಹೆಂಗಸರು. ಮೈಕ್ ಇಸಿದುಕೊಂಡೆ.
ಬಂಗಾಳಿಯಲ್ಲಿ ಹೇಳಿದೆ: "ಆ ಮಕ್ಕಳನ್ನು ಎಂದೂ ಮರೆಯಲಾರೆ ಎನ್ನುತ್ತಿದ್ದಾರೆ."
ಚಪ್ಪಾಳೆ, ನಿಲ್ಲಲೇ ಇಲ್ಲ. ಇವರಿಗೆ ಬಂಗಾಳಿಯ ಗಂಧಗಾಳಿ ಇಲ್ಲ. ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತರು.
ದಾರಿಯಲ್ಲಿ ಕೈ ಹಿಡಿದುಕೊಂಡರು.
"ಎಲ್ಲಾ ತಿಳದ ಮ್ಯಾಲೂ ಚಪ್ಪಾಳಿ ಹೊಡದ್ರಲ್ಲ, ತುಳಸಿ. ಕ್ಷಮಾ ಮಾಡಿದ್ರು ನನ್ನ."
ನಾನು "ಹೂಂ" ಎಂದೆ, ಅವರಿಗಾದರೂ ಸಮಾಧಾನ ಇರಲಿ ಅಂತ.