ಗಿರಣಿಯಲ್ಲಿ ಆದದ್ದಲ್ಲ

ತೊರವಿ
9 ಡಿಸೆಂಬರ್ 2024

ಅವ್ವಾ, ನಿನಗೂ ಅಪ್ಪನಿಗೂ ಜೈಭೀಮ್.

ಅಕ್ಷರ ಸೊಟ್ಟಗಿವೆ, ಬೇಸರ ಮಾಡಿಕೊಳ್ಳಬೇಡ. ದ್ರಾಕ್ಷಿ ಕಾರ್ಖಾನೆಯ ಮಶಿನ್ನಿಗೆ ಬಲಗೈ ಸಿಕ್ಕಿದಾಗಿನಿಂದ ಎಡಗೈಯಿಂದಲೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಈ ಮಾತು ತೆಗೆದರೆ ನೀನು ಅಳುತ್ತೀ, ನಾನು ಸುಮ್ಮನಾಗಿಬಿಡುತ್ತೇನೆ. ಅದಕ್ಕೇ ಈ ಕಾಗದ. ತಡವಾದರೂ ಚಿಂತೆಯಿಲ್ಲ, ನೀನೇ ಅಕ್ಷರ ಕೂಡಿಸಿಕೊಂಡು ಓದು.

ಕಳೆದ ತಿಂಗಳು ವಿಜಯಪುರದ ಇಎಸ್‌ಐ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ನೀನು ಬೇಡವೆಂದಿದ್ದೆ. "ಕೈ ಇಲ್ಲದಾಕಿ ಅಂತ ಸರಕಾರದಾಗ ಒಮ್ಮಿ ಬರಸಿದರ ಅಳಸಾಕ ಬರೂದಿಲ್ಲ ಯವ್ವಾ, ಸೆರಗಿನಾಗ ಮುಚ್ಚಕೊಂಡ್ರ ಯಾರಿಗಿ ಕಾಣತೈತಿ?" ಎಂದಿದ್ದೆ. ಬಬಲೇಶ್ವರದ ಹುಡುಗನ ಸಂಬಂಧ ಮುರಿದೀತೆಂಬ ನಿನ್ನ ಅಂಜಿಕೆ ನನಗೆ ಗೊತ್ತು. ಆದರೆ ಸೆರಗಿನೊಳಗಿನ ಕೈಯಿಂದ ರೊಟ್ಟಿ ಬಡಿಯಲಾರೆ, ಒಣದ್ರಾಕ್ಷಿ ಆರಿಸಲಾರೆ. ಕಾರ್ಖಾನೆಯವರು ಪಗಾರದಲ್ಲಿ ಈ ಇಎಸ್‌ಐ ವಿಮೆಗೆಂದೇ ದುಡ್ಡು ಹಿಡಿಯುತ್ತಿದ್ದರು. ಕೆಲಸದಲ್ಲಿ ಅಂಗ ಹೋದರೆ ಬದುಕಿರುವತನಕ ತಿಂಗಳು ತಿಂಗಳು ಕೊಡುತ್ತಾರೆ. ಅದು ಯಾರ ದಾನವೂ ಅಲ್ಲ.

ಕಚೇರಿಯ ಸಾಹೇಬರು ಸಮಾಧಾನದಿಂದ ಎಲ್ಲ ಕೇಳಿಕೊಂಡರು. ನಾನು ಊರಿಗೆ ಹೋದಾಗ ಗಾಯ ಮಾಡಿಕೊಂಡು ಬಂದೆನೆಂದು ಕಾರ್ಖಾನೆಯವರು ತಿಳಿಸಿದ್ದರಂತೆ. ಮನೆಯವರನ್ನೇ ಕೇಳೋಣವೆಂದು ಅವರು ನಿನಗೆ ಫೋನ್ ಹಚ್ಚಿ ಸ್ಪೀಕರ್ ಇಟ್ಟರು. ನಾನು ಎದುರಿಗೇ ಕೂತಿದ್ದೇನೆಂದು ನಿನಗೆ ತಿಳಿದಿರಲಿಲ್ಲ.

"ಕಾರ್ಖಾನ್ಯಾಗ ಅಲ್ರಿ ಸಾಹೇಬ್ರ, ನಮ್ಮ ತಿಕೋಟಾದ ಹಿಟ್ಟಿನ ಗಿರಣ್ಯಾಗ ಆಗೇತ್ರಿ" ಎಂದು ನೀನು ಹೇಳಿದೆ.

ನಿನ್ನ ದನಿ ಒಂದಿಷ್ಟೂ ನಡುಗಲಿಲ್ಲ. ಅವತ್ತು ನೀನು ದವಾಖಾನೆಗೆ ಓಡಿ ಬಂದಾಗ ನನ್ನ ಬಟ್ಟೆಯ ತುಂಬ ದ್ರಾಕ್ಷಿಯ ಅಂಟು ಇತ್ತು, ಅದನ್ನು ತೊಳೆದವಳು ನೀನೇ. ಸಾಹೇಬರು ಫೋನ್ ಇಟ್ಟು ನನ್ನ ಮುಖ ನೋಡಿದರು. ನಮ್ಮವ್ವ ಸುಳ್ಳು ಹೇಳುತ್ತಾಳೆ ಎನ್ನಲು ಬಾಯಿ ಬರಲಿಲ್ಲ. ಎದ್ದು ಬಂದುಬಿಟ್ಟೆ.

ಕಾರ್ಖಾನೆಯ ಸೂಪರ್‌ವೈಸರ್ ಸಿದ್ದರಾಮ ನಿಮ್ಮಲ್ಲಿಗೆ ಬಂದದ್ದನ್ನು ಆಮೇಲೆ ಅಪ್ಪ ಹೇಳಿದ. ಗಿರಣಿಯಲ್ಲಿ ಆಯಿತೆಂದು ಹೇಳಿದರೆ ದವಾಖಾನೆಯ ಖರ್ಚು ಕಾರ್ಖಾನೆಯ ಮಾಲೀಕರೇ ಕೊಡುತ್ತಾರೆ, ಬಬಲೇಶ್ವರದವರಿಗೂ ಸುದ್ದಿ ಮುಟ್ಟುವುದಿಲ್ಲ ಎಂದನಂತೆ. ನನ್ನ ಒಳ್ಳೆಯದಕ್ಕೇ ನೀನು ಹೂಂ ಎಂದೆ. ಆದರೂ ಆ ಕುರ್ಚಿಯಲ್ಲಿ ಕೂತು ಸುಳ್ಳುಗಾತಿಯಾದವಳು ನಾನು.

ನನ್ನ ಪಕ್ಕದಲ್ಲೇ ದ್ರಾಕ್ಷಿ ಆರಿಸುತ್ತಿದ್ದ ಹುಸೇನಬಿಗೆ ಇದನ್ನು ಹೇಳಿಕೊಂಡು ಅತ್ತೆ. ಮರುದಿನ ಅವಳು ಕೆಲಸಕ್ಕೆ ಹೋಗದೆ ನನ್ನ ಜೊತೆ ಕಚೇರಿಗೆ ಬಂದಳು. "ನನ್ನ ಕಣ್ಣ ಮುಂದ ಆಗೇತ್ರಿ. ಮಶಿನ್ ಬಂದ್ ಮಾಡ್ರಿ ಅಂತ ಒದರಿದಾಕಿ ನಾನ. ಇವರವ್ವ ಅಂಜಿ ಹಂಗ ಅಂದಾಳ್ರಿ, ಕೆಟ್ಟಾಕಿ ಅಲ್ರಿ" ಎಂದಳು. ನಿನ್ನನ್ನು ಅವಳು ಕಂಡದ್ದು ಒಂದೇ ಸಲ, ದವಾಖಾನೆಯಲ್ಲಿ. ಸಾಹೇಬರು ದವಾಖಾನೆಯಲ್ಲೂ ವಿಚಾರಿಸಿ, ಕಾರ್ಖಾನೆಯಲ್ಲೇ ಆದದ್ದೆಂದು ಒಪ್ಪಿದರು.

ಹುಸೇನಬಿಯನ್ನು ಕೆಲಸದಿಂದ ತೆಗೆದರು. ಈಗ ಗಾಂಧಿ ಚೌಕದ ಅಂಗಡಿಯೊಂದರಲ್ಲಿ ಬೇಳೆ ಹಸನು ಮಾಡುತ್ತಾಳೆ. ನನ್ನಿಂದ ಹೀಗಾಯಿತಲ್ಲ ಎಂದರೆ, "ನನ್ನ ಕೈ ಸಿಕ್ಕಿದ್ದರ ನೀ ಬರತಿದ್ದಿಲ್ಲೇನ ಲೇ?" ಎಂದು ನನ್ನನ್ನೇ ಬೈದಳು. ಬರುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ ಅವ್ವಾ.

ಹೋದ ವಾರ ಡಾಕ್ಟರರ ಮಂಡಳಿಯ ಮುಂದೆ ನಿಂತೆ. ಕೈಯಿಂದ ಇನ್ನೆಷ್ಟು ಕೆಲಸ ಮಾಡಲಾಗುತ್ತದೆಂದು ನೋಡಿ ಭತ್ಯೆ ನಿಶ್ಚಯಿಸುವವರು ಅವರೇ. ಮೇಜಿನ ಮೇಲೊಂದು ನಾಣ್ಯ ಇಟ್ಟು ಬಲಗೈಯಿಂದ ಎತ್ತು ಎಂದರು. ಎತ್ತಿದರೆ ಹಣ ಕಡಿಮೆಯಾಗುತ್ತದೆ ಎಂದು ಹೊರಗೆ ಯಾರೋ ಹೇಳಿದ್ದರು. ಆದರೂ ನಾನು ಮನಸಾರೆ ಪ್ರಯತ್ನಪಟ್ಟೆ. ಉಳಿದ ಹೆಬ್ಬೆರಳು, ಕಿರುಬೆರಳು ಒಂದಕ್ಕೊಂದು ಮುಟ್ಟಲೇ ಇಲ್ಲ. ನಾಣ್ಯ ಜಾರಿ ಕೆಳಗೆ ಬಿತ್ತು. ಆಗ ನನಗೆ ಒಳಗೊಳಗೇ ಹಗುರಾಯಿತು. ನನ್ನ ಕೈ ಸೋತದ್ದಕ್ಕೆ ನನಗೇ ಸಮಾಧಾನವಾಯಿತಲ್ಲ ಎಂದು ಹೊರಗೆ ಬಂದು ಗೋಡೆಗೆ ಆತು ಬಹಳ ಅತ್ತೆ. ನೀನು ಪಕ್ಕದಲ್ಲಿರಬೇಕಿತ್ತು.

ಭತ್ಯೆ ಮಂಜೂರಾಗಿದೆ. ಮಾಲೀಕರು ತಕರಾರು ಎತ್ತಿದರೆ ನಿನ್ನನ್ನು ಮತ್ತೆ ಕೇಳಬಹುದು. ಆಗ ಸಿದ್ದರಾಮನ ಮುಖ ನೋಡಬೇಡ, ನನ್ನ ಕೈ ನೆನೆಸಿಕೊಂಡು ಹೇಳು.

ಸಿಟ್ಟಿಲ್ಲ ಎಂದು ಬರೆಯಬೇಕೆಂದು ಕೂತಿದ್ದೆ. ಬರೆಯಲು ಆಗುತ್ತಿಲ್ಲ, ಇನ್ನೂ ಇದೆ. ಆದರೂ ರವಿವಾರ ಬಾ. ಜಡೆ ಹೆಣೆದುಕೊಳ್ಳಲು ಬರುತ್ತಿಲ್ಲ.

ನಿನ್ನ ಮಗಳು,
ಆಮ್ರಪಾಲಿ

ಮರೆತ ಮಾತು: ಬಬಲೇಶ್ವರದ ಪ್ರತಾಪನಿಗೆ ನಿನ್ನೆ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. ಮೂರು ಬೆರಳಿಲ್ಲ, ಸರಕಾರದ ಭತ್ಯೆ ಬರುತ್ತದೆ ಎಂದೆ. "ಮದುವಿ ಆದ ಮ್ಯಾಲೂ ಅದು ಬರತೈತೇನ್ರಿ?" ಎಂದು ಕೇಳಿದ. ಕೈ ನೋಯುತ್ತದೆಯೇ ಎಂದು ಕೇಳಲಿಲ್ಲ. ಈ ಸಂಬಂಧ ಬೇಡವೆಂದು ಹೇಳಿದ್ದೇನೆ. ಇನ್ನು ಯಾರಿಗೂ ಏನನ್ನೂ ಮುಚ್ಚಿಡಬೇಕಾಗಿಲ್ಲ ಅವ್ವಾ.