ಅಜ್ಜಿಯ ಹಿಲ್ಲಾ ಜೌಗು

ಪೆಲ್ಟೋವಾರಾ, ಇನಾರಿ
ಆಗಸ್ಟ್ ೯

ಪ್ರೀತಿಯ ಅಜ್ಜೀ,

ಸೊಂಟದ ನೋವು ಹೇಗಿದೆ? ರೊವಾನಿಯೆಮಿಯ ಆಸ್ಪತ್ರೆಯಲ್ಲಿ ನಿನಗೆ ಕೋಲು ಕೊಟ್ಟು ನಡೆಸುತ್ತಿದ್ದಾರಂತೆ, ನೀನು ಅದನ್ನು ದಾದಿಯ ಕಡೆಗೇ ಬೀಸುತ್ತೀಯಂತೆ. ಅಮ್ಮ ಫೋನಿನಲ್ಲಿ ಹೇಳಿದಳು. ಹಾಗಾದರೆ ಹುಷಾರಾಗುತ್ತಿದ್ದೀಯ. ಅಲ್ಲಿಯ ಕಾಫಿ ಪಾತ್ರೆ ತೊಳೆದ ನೀರಿನ ಹಾಗಿದೆ ಎಂದೆಯಲ್ಲ, ನಮ್ಮ ಕಾಫಿಪುಡಿ ಕಳಿಸುತ್ತಿದ್ದೇನೆ. ನಾಯಿ ನಿನ್ನ ಹಾಸಿಗೆಯ ಮೇಲೇ ಮಲಗುತ್ತದೆ, ಬೈದರೂ ಕೇಳುವುದಿಲ್ಲ.

ಜೊತೆಗೆ ಹಿಲ್ಲಾ ಹಣ್ಣಿನ ಜಾಡಿಯೂ ಇದೆ. ಅರ್ಧ ಜಾಡಿ ಮಾತ್ರ. ಬಕೆಟ್ ತುಂಬಾ ಸಿಗುತ್ತಿದ್ದ ಜೌಗಿನಲ್ಲಿ ಈ ಸಲ ಇಷ್ಟೇನಾ ಎಂದು ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಿನ್ನ ಜೌಗನ್ನು ನಾನು ಪ್ರವಾಸಿಗರಿಗೆ ತೋರಿಸಿಬಿಟ್ಟೆ.

ಕಳೆದ ತಿಂಗಳ ಕೊನೆಗೆ ಹಾಲೆಂಡಿನಿಂದ ಗಂಡ ಹೆಂಡತಿ ಬಂದಿದ್ದರು, ವಯಸ್ಸಾದವರು. ಗೈಡಾಗಿ ನಾನೇ ಅವರನ್ನು ಗುಡ್ಡದ ನೆತ್ತಿಗೆ ಹತ್ತಿಸಿದೆ. ಮಂಜು ಕವಿದು ತಮ್ಮ ಬೂಟು ಬಿಟ್ಟರೆ ಅವರಿಗೆ ಬೇರೇನೂ ಕಾಣಲಿಲ್ಲ. ಕರಡಿ ಇಲ್ಲ, ಹಿಮಸಾರಂಗವೂ ಇಲ್ಲ, ಸೊಳ್ಳೆ ಮಾತ್ರ ಬೇಕಾದಷ್ಟು. ಆಕೆ ಜಗಳವಾಡಿದ್ದರೆ ನಾನು ಸುಮ್ಮನಿರುತ್ತಿದ್ದೆ. "ಪರವಾಗಿಲ್ಲ ಬಿಡಮ್ಮ, ಮಂಜನ್ನಾದ್ರೂ ನೋಡಿದ್ವಲ್ಲ" ಅಂದಳು. ಅಷ್ಟಕ್ಕೇ ನನ್ನ ಕಾಲು ನಿನ್ನ ಜೌಗಿನ ಕಡೆ ತಿರುಗಿತು. ನಮ್ಮೂರಲ್ಲಿ ಯಾರೂ ಯಾರಿಗೂ ಹಿಲ್ಲಾ ಜಾಗ ಹೇಳುವುದಿಲ್ಲ. ನೀನಂತೂ ನೆರೆಯವರ ಕಣ್ಣು ತಪ್ಪಿಸಲು ಗಾಳ ಹೊತ್ತುಕೊಂಡು ಕೆರೆ ಕಡೆ ಹೊರಟು, ಮರಗಳ ಮರೆಗೆ ಬಂದ ಮೇಲೆ ಜೌಗಿನ ದಾರಿ ಹಿಡಿಯುತ್ತಿದ್ದೆ. "ಇದು ನಿಮ್ಮಮ್ಮಂಗೂ ಗೊತ್ತಿಲ್ಲ, ಬಾಯಿ ಬಿಟ್ಟೀಯೆ ಜೋಕೆ" ಎಂದು ನನಗೆ ತೋರಿಸಿದ್ದೆ. ನಾನು ಅವರನ್ನು ನೆಟ್ಟಗೆ ನಡೆಸಿಕೊಂಡು ಹೋದೆ. ಜೇನಿನ ಬಣ್ಣದ ಹಣ್ಣು ಕಂಡು ಇಬ್ಬರೂ ಮಕ್ಕಳಾಗಿಬಿಟ್ಟರು. ಯಾರಿಗೂ ಹೇಳಬೇಡಿ ಎಂದೆ. ಪಾಪ, ಅವರು ಹೇಳಲೂ ಇಲ್ಲ. ಫೋಟೊ ಮಾತ್ರ ಹಂಚಿಕೊಂಡರು. ಅದರ ಜೊತೆ ಜಾಗದ ಗುರುತೂ ಹೋಗುತ್ತದೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ವಾರ ಕಳೆಯುವಷ್ಟರಲ್ಲಿ ರಸ್ತೆ ಬದಿಯಲ್ಲಿ ಕಾರುಗಳು. ಹಣ್ಣು ಹೋದರೆ ಹೋಗಲಿ, ಪಾಚಿಯನ್ನೆಲ್ಲ ತುಳಿದು ಕೆಸರು ಮಾಡಿದ್ದಾರೆ.

ನನಗೆ ಹೆಚ್ಚು ಹೆದರಿಕೆಯಾದದ್ದು ಉರ್ಪೋ ಮಾವನನ್ನು ನೆನೆದು. ಹೆತ್ತ ಮಗನಿಗೆ ತೋರಿಸದ ಜಾಗ ಹಾಲೆಂಡಿನವರಿಗೆ ಗೊತ್ತು ಎಂದು ಅಂಗಡಿಯಲ್ಲಿ ಯಾರಾದರೂ ಅವನ ಮುಖಕ್ಕೇ ಹೇಳಿದರೆ? "ಕುಡಿದ್ರೆ ಅವನ ಬಾಯಿಗೆ ಬೀಗ ಇಲ್ಲ" ಎಂದು ನೀನು ಮುಚ್ಚಿಟ್ಟೆ, ಸರಿ. ಆದರೆ ಅವನು ಕುಡಿತ ಬಿಟ್ಟು ಎಷ್ಟು ವರ್ಷವಾಯಿತು, ಅಜ್ಜೀ. ಈಗಲೂ ನೀನು ಗಾಳ ಹೊತ್ತು ಹೊರಟರೆ ಮಾವ ನಿನ್ನ ದಾರಿ ತನಗೆ ಕಾಣಬಾರದೆಂದೇ ಕಿಟಕಿಗೆ ಬೆನ್ನು ಹಾಕಿ ಕೂರುತ್ತಾನೆ. ನೀನು ನೋಡಿಲ್ಲ, ನಾನು ನೋಡಿದ್ದೇನೆ.

ಅದಕ್ಕೇ ಮೊನ್ನೆ ನಾನೇ ಅವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. "ಎಲ್ಲಿಗೆ ಎಳ್ಕೊಂಡು ಹೋಗ್ತಿದ್ದೀಯೇ, ನಾನೇನು ನಿನ್ನ ಪ್ರವಾಸಿಗನೇನೆ" ಎಂದು ದಾರಿಯುದ್ದಕ್ಕೂ ಗೊಣಗಿದ. ಜೌಗು ಕಂಡ ಮೇಲೆ ಟೋಪಿ ತೆಗೆದ. ಕೆಸರು ನೋಡಿ, "ಹಿಮಸಾರಂಗ ನುಗ್ಗಿರ್ಬೇಕು" ಅಂದ. ಮಂಡಿಯೂರಿ, ಅಂಚಿನಲ್ಲಿ ಉಳಿದದ್ದನ್ನು ಹುಡುಕಿ ಹುಡುಕಿ ಕಿತ್ತ. ಒಂದನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ, "ಅಮ್ಮಂಗೆ" ಅಂದ. ಈ ಅರ್ಧ ಜಾಡಿ ಅವನು ಕಿತ್ತದ್ದು. ನಾವು ಯಾವಾಗಲೂ ತಿನ್ನುವ ಹಾಗೆ ಬಿಸಿ ಕಾಫಿಯಲ್ಲಿ ಚೀಸು ಅದ್ದಿ, ಅದರ ಜೊತೆ ತಿನ್ನು.

ಬೈಯಬೇಕೆನಿಸಿದರೆ ಬೈ. ಕ್ಷಮಿಸು ಎಂದು ಕೇಳಲೂ ನನಗೆ ಮುಖವಿಲ್ಲ. ದಾದಿಯರನ್ನು ಮಾತ್ರ ಗೋಳುಹೊಯ್ದುಕೊಳ್ಳಬೇಡ. ಬೇಗ ಮನೆಗೆ ಬಾ, ನಾಯಿಯೂ ಕಾಯುತ್ತಿದೆ.

ನಿನ್ನ ಗುಟ್ಟು ಉಳಿಸದ ಮೊಮ್ಮಗಳು,
ಹೆಲ್ಕಾ

ತಾ.ಕ.: ಅಂಚೆಯ ಗಾಡಿ ಬಂತು, ಬೇಗ ಬರೆಯುತ್ತೇನೆ. ಬರುವ ವಾರ ಮಾವ ನಿನ್ನನ್ನು ನೋಡಲು ಬರುತ್ತಾನೆ, ಹೊಸ ಅಂಗಿ ತಂದಿಟ್ಟುಕೊಂಡಿದ್ದಾನೆ. ಜೌಗಿನಲ್ಲಿ ಅವನು ನನ್ನ ಮುಖ ನೋಡದೆ ಕೇಳಿದ: "ಅಮ್ಮ ಹೇಳಿದ್ಲಾ, ನಂಗೂ ತೋರ್ಸು ಅಂತ?" ನಾನು "ಹೂಂ ಮಾವ" ಅಂದುಬಿಟ್ಟೆ. "ಹಾಳಾದ ಸೊಳ್ಳೆ" ಅನ್ನುತ್ತ ತುಂಬ ಹೊತ್ತು ಕಣ್ಣುಜ್ಜಿಕೊಂಡ. ಪ್ರವಾಸಿಗರ ಸಂಗತಿ ಅವನಿಗೆ ನಾನೇ ಹೇಳುತ್ತೇನೆ, ನನ್ನನ್ನು ಏನು ಬೇಕಾದರೂ ಅನ್ನಲಿ. ಆದರೆ ನಿನ್ನನ್ನೂ ಅವನು ಅದನ್ನೇ ಕೇಳುತ್ತಾನೆ, ಅಜ್ಜೀ. ನೀನೂ ಹೂಂ ಅನ್ನು.