ಕ್ಷಮೆ ಬರೆಯದ ಎಡಗೈ

11 ನವೆಂಬರ್ 1976, ಬನಹಟ್ಟಿ. ಬೆಳಿಗ್ಗೆ 7
ಎಂಟು ಓವರ್ ಹಾಕಿದೆ. ಪಿಚ್ಚಿಗೆ ಹಾಸಿದ ಮ್ಯಾಟಿನ ತುದಿ ಮತ್ತೆ ಎದ್ದಿದೆ, ಮೊಳೆ ಹೊಡೆದು ಬಿಗಿದದ್ದಾಯಿತು. ಬೌಲಿಂಗ್ ಮಾಡುವ ಎಡ ಭುಜ ಇನ್ನೂ ಹಿಡಿಯುತ್ತದೆ. ಅಮಸಿದ್ದಪ್ಪ ಮಾಸ್ತರು — ಜಮಖಂಡಿ ಹೈಸ್ಕೂಲಿನಲ್ಲಿ ನನಗೆ ಮೊದಲು ಚೆಂಡು ಕೊಟ್ಟವರು — ಸ್ಟಂಪಿನ ಹಿಂದೆ ನಿಂತು ನೋಡಿದರು. ಒಳಕ್ಕೆ ತಿರುಗುವ ಚೆಂಡು ಮೂರು ಸಲ ಸ್ಟಂಪಿಗೇ ಬಿತ್ತು. ಛಲೋ ಆತು ಅಂದರು. ವರ್ಷಕ್ಕೊಮ್ಮೆ ಅನ್ನುವ ಮಾತು.
ಎರಡು ಸೀಸನ್, ವಲಯ ತಂಡಕ್ಕೆ 41 ವಿಕೆಟ್. ಈ ಸಲ ರಾಜ್ಯ ತಂಡ ತಪ್ಪುವಂತಿಲ್ಲ.

26 ನವೆಂಬರ್
ತಪ್ಪಿತು. ನನ್ನ ಬದಲು ಒಂಬತ್ತು ವಿಕೆಟ್‌ನವನು. ಹುಬ್ಬಳ್ಳಿಯಲ್ಲಿ ಪೇಪರಿನವನು ಕೇಳಿದ, ಹೇಳಿಬಿಟ್ಟೆ... ಘಟಪ್ರಭಾ ಹೊಳೆ ದಾಟಿ ನಮ್ಮ ಕಡೆ ಬಂದರೆ ಆಯ್ಕೆ ಸಮಿತಿಯವರಿಗೆ ವಿಕೆಟ್ ಕಾಣುವುದಿಲ್ಲ ಎಂದು. ಬರೆದುಕೊಂಡ.

2 ಡಿಸೆಂಬರ್. ಮಧ್ಯಾಹ್ನ
ವಲಯದ ಕಾರ್ಯದರ್ಶಿ ಬಾಳಾಸಾಹೇಬರು ಮನೆಗೇ ಬಂದರು. ಪೇಪರಿನಲ್ಲಿ ಬಂದ ಮಾತಿಗೆ ಕ್ಷಮಾಪಣೆ ಪತ್ರ ಟೈಪ್ ಮಾಡಿಸಿಯೇ ತಂದಿದ್ದರು. ಕೊಡದಿದ್ದರೆ ಒಂದು ವರ್ಷ ನಿಷೇಧವಂತೆ.
“ಎರಡ ಸಾಲು ಐತಿ ಗಿರಿಮಲ್ಲಪ್ಪ. ಸಹಿ ಮಾಡು. ಜನವರಿಗೆ ಟೀಮಿನ್ಯಾಗ ಇರ್ತಿ.”
“ಖರೇನ ಹೇಳೀನ್ರಿ. ಖರೆ ಹೇಳಿದ್ದಕ್ಕ ಮಾಫಿ ಹೆಂಗ ಕೇಳ್ಲಿ?”
ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಸಹಿ ಮಾಡಿದ್ದರೆ ಏನು ಹೋಗುತ್ತಿತ್ತು ಎಂದು ಹೆಂಡತಿ ಮಾದೇವಿ ಕೇಳಿದಳು. ನನಗೀಗ ಇಪ್ಪತ್ತೆಂಟು. ವೇಗದ ಬೌಲರ್‌ಗೆ ಒಂದು ವರ್ಷ ಅಂದರೆ...

7 ಡಿಸೆಂಬರ್
ನಿಷೇಧದ ಕಾಗದ ಬಂತು. ಬರಲಿ.

19 ಆಗಸ್ಟ್ 1977
ಎಂಟು ತಿಂಗಳು ಬರೆದಿಲ್ಲ. ಬರೆಯಲು ಏನಿತ್ತು. ಜನವರಿಯಿಡೀ ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಒಂದು ದಿನ ಮಾದೇವಿ ಬೂಟು ತಂದು ಹಾಸಿಗೆಯ ಪಕ್ಕ ಇಟ್ಟಳು. “ಸಹಿ ಮಾಡ್ಲಿಲ್ಲ, ಛಲೋ ಆತು. ಈಗ ಹಿಂಗ ಮಲಗಿದ್ರ ಅವರ ಗೆದ್ದಂಗ. ಏಳ್ರಿ.” ಎದ್ದೆ.
ಅಂದಿನಿಂದ ಹಿಪ್ಪರಗಿ ಹೊಳೆಯ ಮರಳಲ್ಲಿ ಓಟ. ಸಂಜೆ ಪಕ್ಕದ ಊರು ಚಿಮ್ಮಡದ ಬಯಲಲ್ಲಿ ಒಂದೇ ಸ್ಟಂಪು, ನಾನೊಬ್ಬನೇ. ಭುಜದ ಹಿಡಿತ ಬಿಟ್ಟಿದೆ. ಬಲಗೈ ಬ್ಯಾಟ್ಸ್‌ಮನ್ನಿಂದ ಹೊರಕ್ಕೆ ಹೋಗುವ ಚೆಂಡು ಸಿಕ್ಕಿತು. ಬೆರಳಿನ ಚರ್ಮ ಕಿತ್ತ ಮೇಲೆ ಸಿಕ್ಕಿತು.

14 ಡಿಸೆಂಬರ್ 1977, ಹುಬ್ಬಳ್ಳಿ
ನಿಷೇಧ ಮುಗಿದು ಒಂದು ವಾರ. ಆಯ್ಕೆ ಪಂದ್ಯ. ಬಾಳಾಸಾಹೇಬರು ನೋಡಿಯೂ ನೋಡದಂತೆ ಹೋದರು. ಮೊದಲ ಆರು ಓವರ್ ಹೊಡೆಸಿಕೊಂಡೆ. ಬೆಂಚಿನಲ್ಲಿ ಯಾರೋ ನಕ್ಕರು. ಆಮೇಲೆ ಚೆಂಡು ಹೊರಕ್ಕೆ ಹೋಗತೊಡಗಿತು. ಏಳು ವಿಕೆಟ್. ಅದರಲ್ಲಿ ಇಬ್ಬರು ರಾಜ್ಯ ತಂಡದ ಓಪನರ್‌ಗಳು. ನಕ್ಕವರು ಎದ್ದು ಹೋಗಿದ್ದರು.
ಇದನ್ನು ಎಲ್ಲಿ ಕಲಿತೆ ಎಂದು ಸಮಿತಿಯವರೊಬ್ಬರು ಕೇಳಿದರು. ಚಿಮ್ಮಡದಾಗ್ರಿ ಅಂದೆ. ಆ ಊರು ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಘಟಪ್ರಭಾ ದಾಟಿದ ಮೇಲೆ ಬರುತ್ತದೆ ಎಂದು ತಿಳಿಸಿದೆ.

6 ಜನವರಿ 1978, ಬೆಂಗಳೂರು. 9.10
ರಾಜ್ಯ ತಂಡದ ಹನ್ನೊಂದರೊಳಗೆ ನನ್ನ ಹೆಸರು. ಟಾಸ್ ಸೋತಿದ್ದೇವೆ, ಬೌಲಿಂಗ್ ನಮ್ಮದು. ಪೇಪರಿಗೆ ಮಾತಾಡಿದವನು ನೀನೇನಾ ಎಂದು ಕ್ಯಾಪ್ಟನ್ ಕೇಳಿದರು. ನಾನ ರೀ ಅಂದೆ. ಹಾಗೆ ಹೇಳಿದ್ದಕ್ಕೆ ಬೇಸರವಿದೆಯಾ ಅಂದರು. ಇಲ್ಲ ಅಂದೆ. ಹೊಸ ಚೆಂಡು ನನ್ನ ಕಡೆ ಎಸೆದರು. ಎಡಗೈಯಲ್ಲೇ ಹಿಡಿದೆ. ಅಂಪೈರ್‌ಗಳು ಇಳಿಯುತ್ತಿದ್ದಾರೆ. ಕ್ಯಾಪ್ಟನ್ ಕರೆಯುತ್ತಿದ್ದಾರೆ, ನನ್ನ ಹೆಸರು. ಪೆನ್ನು ಇಡುತ್ತೇನೆ.